ಸಂಪಿನ ಪಕ್ಕದ ಕೆಂಪು ದೀಪ

ಬನಶಂಕರಿಯ ಒಂದು ಅಪಾರ್ಟ್‌ಮೆಂಟಿಗೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರಿನ ಕಂಟ್ರೋಲರ್ ಒಂದನ್ನು ವಿನ್ಯಾಸ ಮಾಡಿಕೊಟ್ಟಾಗ ನಾನು ಕಲಿತ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಜರ್ಮನಿಯ ಎಂಜಿನಿಯರ್‌ಗಳಾದ ಪಾಲ್ ಮತ್ತು ಬೈಟ್ಸ್ 1977ರಲ್ಲಿ ಮುಂದಿಟ್ಟ ವಿಧಾನದ ಪ್ರಕಾರ, ಯಾವ ಬಿಡಿಭಾಗದ ಹೆಸರನ್ನೂ ಎತ್ತುವ ಮೊದಲು ಯಂತ್ರ ಮಾಡಬೇಕಾದ ಕೆಲಸಗಳನ್ನಷ್ಟೇ ಬರೆದುಕೊಳ್ಳಬೇಕು: ನೀರನ್ನು ಎತ್ತು, ಮಟ್ಟವನ್ನು ಅಳೆ, ನೀರಿಲ್ಲದೆ ಓಡುವುದನ್ನು ತಡೆ. ಆಮೇಲೆ ಪ್ರತಿಯೊಂದು ಕೆಲಸದ ಎದುರಿಗೆ ಸಾಧ್ಯವಿರುವ ಉಪಾಯಗಳನ್ನೆಲ್ಲ ಕೋಷ್ಟಕದ ಸಾಲಿನಲ್ಲಿ ಜೋಡಿಸಿ, ಸಾಲಿಗೊಂದರಂತೆ ಆರಿಸಿ ಪೋಣಿಸಬೇಕು. ಮಟ್ಟ ಅಳೆಯುವ ಸಾಲಿನಲ್ಲಿ ಫ್ಲೋಟ್ ಸ್ವಿಚ್, ಎಲೆಕ್ಟ್ರೋಡ್, ಅಲ್ಟ್ರಾಸಾನಿಕ್ ಸೆನ್ಸರ್ ಇದ್ದವು. ಅಗ್ಗವೆಂದು, ನೀರು ತಾಗಿದಾಗ ಹರಿಯುವ ವಿದ್ಯುತ್ತಿನಿಂದ ಮಟ್ಟ ತಿಳಿಯುವ ಲೋಹದ ಕಡ್ಡಿ, ಅಂದರೆ ಎಲೆಕ್ಟ್ರೋಡ್ ಆರಿಸಿದೆ. ಮೊದಲು ಹೊಳೆದ ಉಪಾಯಕ್ಕೇ ಎಂಜಿನಿಯರ್ ಜೋತುಬೀಳದಂತೆ ತಡೆಯುವ ಈ ಶಿಸ್ತನ್ನು ನಾನು ಈಗಲೂ ಮೆಚ್ಚುತ್ತೇನೆ.

ಎರಡೇ ತಿಂಗಳಲ್ಲಿ ಮೋಟಾರ್ ಸುಟ್ಟಿತು. ಕಾವೇರಿ ನೀರು ಬಾರದ ದಿನ ಸಂಪು ಬರಿದಾಗಿ, ಕಂಟ್ರೋಲರ್ ಸರಿಯಾಗಿಯೇ ಮೋಟಾರನ್ನು ನಿಲ್ಲಿಸಿ ಕೆಂಪು ದೀಪ ಹೊತ್ತಿಸಿತ್ತು. ಮೇಲಿನ ಮನೆಯವರು ನೀರಿಲ್ಲವೆಂದು ಕೂಗಾಡಿದಾಗ ಕಾವಲುಗಾರರು ಕಂಟ್ರೋಲರನ್ನು ಬದಿಗಿಟ್ಟು ಮೋಟಾರನ್ನು ನೇರವಾಗಿ ಓಡಿಸುವ ಬೈಪಾಸ್ ಸ್ವಿಚ್ ಹಾಕಿ ಮೋಟಾರ್ ಓಡಿಸಿದ್ದರು. ಏಕೆಂದು ಕೇಳಿದೆ. "ಕೆಂಪು ಲೈಟ್ ಅಂದ್ರೆ ಬಾಕ್ಸ್ ಕೆಟ್ಟಿದೆ ಅಂತಲ್ವಾ ಸಾರ್?" ಎಂದರು. ಆ ದೀಪಕ್ಕೆ ಬೇರೆ ಅರ್ಥವಿದೆಯೆಂದು ಅವರಿಗೆ ಹೇಳುವ ಒಂದಕ್ಷರವೂ ಪೆಟ್ಟಿಗೆಯ ಮೇಲೆ ಇರಲಿಲ್ಲ.

ಜಾಲಹಳ್ಳಿಯ ಬಿಇಎಲ್ ತಯಾರಿಸುವ ಮತಯಂತ್ರ ಆಗ ನೆನಪಾಯಿತು. ನೀಲಿ ಗುಂಡಿ ಒತ್ತಿದರೆ ಅದರ ಪಕ್ಕದಲ್ಲೇ ಕೆಂಪು ದೀಪ ಹೊತ್ತುತ್ತದೆ, ಬೀಪ್ ಸದ್ದು ಕೇಳುತ್ತದೆ. ಅಲ್ಲಿ ಕೆಂಪು ದೀಪವನ್ನು ಯಾರೂ ದೋಷವೆಂದು ಓದುವುದಿಲ್ಲ, ಏಕೆಂದರೆ ಅದು ಬೆರಳಿಗೆ ಕೂಡಲೇ, ಬೆರಳಿನ ಬಳಿಯೇ ಉತ್ತರಿಸುತ್ತದೆ. ಆದರೂ "ಒತ್ತಿದ್ದು ಗೊತ್ತಾಯಿತು, ದಾಖಲಾದದ್ದು ಯಾರಿಗೆ?" ಎಂಬ ಪ್ರಶ್ನೆ ಉಳಿದೇ ಇತ್ತು. ಯಂತ್ರ 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾದರೆ, ಮತ ಯಾರಿಗೆ ಬಿತ್ತೆಂಬ ಚೀಟಿಯನ್ನು ಏಳು ಸೆಕೆಂಡು ತೋರಿಸುವ ವಿವಿಪ್ಯಾಟ್ ಪೆಟ್ಟಿಗೆ ಬಂದದ್ದು 2013ರಲ್ಲಿ. ಬಳಸುವವರಿಗೆ ತಿಳಿಸುವುದೂ ಯಂತ್ರದ ಒಂದು ಕೆಲಸವೇ. ಮೊದಲ ಪಟ್ಟಿಯಲ್ಲಿ ಅದಕ್ಕೆ ಸಾಲು ಸಿಗದಿದ್ದರೆ ಮುಂದೆ ಇನ್ನೊಂದು ಪೆಟ್ಟಿಗೆಯನ್ನೇ ಜೋಡಿಸಬೇಕಾಗುತ್ತದೆ.

ನನ್ನ ಕೋಷ್ಟಕಕ್ಕೆ "ನಿಂತ ಕಾರಣವನ್ನು ತಿಳಿಸು" ಎಂಬ ಸಾಲು ಸೇರಿತು. ದೀಪ ಹಳದಿಯಾಯಿತು, ಅದರ ಕೆಳಗೆ "ಸಂಪಿನಲ್ಲಿ ನೀರಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಬೋರ್‌ವೆಲ್‌ನ ಗಡಸು ನೀರಿಗೆ ಎಲೆಕ್ಟ್ರೋಡಿನ ಮೇಲೆ ಬಿಳಿ ಪೊರೆ ಕಟ್ಟಿ, ನೀರಿದ್ದರೂ ಇಲ್ಲವೆಂದು ಅದು ಸುಳ್ಳು ಹೇಳುವುದುಂಟಾದ್ದರಿಂದ ಬೈಪಾಸನ್ನು ತೆಗೆದುಹಾಕುವಂತಿರಲಿಲ್ಲ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವಂತೆ ಮಾಡಿದೆ. ಕಾವಲುಗಾರರು ಮಾತ್ರ ಇಂದಿಗೂ ಸಂಪಿನ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಗುಂಡಿಗೆ ಕೈ ಹಾಕುತ್ತಾರೆ.