ದೀಪದೊಳಗಿನ ಅನಿಲವನ್ನು ಹುಡುಕುತ್ತಾ: ರೋಹಿತದರ್ಶಕದ ದಿನಚರಿ

ಮೊದಲ ವಾರ

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ನನ್ನ ರೋಹಿತದರ್ಶಕ, ಅಂದರೆ ಒಂದು ರಟ್ಟಿನ ಪೆಟ್ಟಿಗೆ, ಸಿದ್ಧವಾಯಿತು. ಬೆಳಗುವ ಅನಿಲ ತನ್ನದೇ ಬಣ್ಣದ ಗೆರೆಗಳನ್ನು ಕೊಡುತ್ತದೆ; ಅವುಗಳಿಂದ ದೀಪದೊಳಗಿನ ಅನಿಲವನ್ನು ಗುರುತಿಸುವುದು ನನ್ನ ಗುರಿ. ಒಂದು ತುದಿಯಲ್ಲಿ ಎರಡು ಬ್ಲೇಡುಗಳ ನಡುವಿನ ಸೀಳು, ಇನ್ನೊಂದರಲ್ಲಿ ಪದರ ಬಿಡಿಸಿದ ಡಿವಿಡಿಯ ಪಾರದರ್ಶಕ ತುಣುಕು. ಡಿವಿಡಿಯ ಜಾಡುಗಳ ನಡುವಿನ ಅಂತರ 0.74 ಮೈಕ್ರೊಮೀಟರ್, ಸಿಡಿಯದು 1.6. ಜಾಡುಗಳು ಒತ್ತಾದಷ್ಟೂ ಬಣ್ಣಗಳು ದೂರ ಹರಡುತ್ತವೆ. ಅದಕ್ಕೇ ಸಿಡಿಯನ್ನು ಕೈಬಿಟ್ಟೆ. ಹಸಿರು ಬೆಳಕು ಸುಮಾರು 48 ಡಿಗ್ರಿ ಬಾಗುವುದರಿಂದ ನೋಡುವ ರಂಧ್ರವನ್ನು ಓರೆಯಾಗಿ ಕೊರೆದಿದ್ದೇನೆ. ಮೊದಲ ಸೀಳು ಅಗಲವಾಗಿ ಗೆರೆಗಳೆಲ್ಲ ಕಲಸಿಹೋಗಿದ್ದವು. ಬ್ಲೇಡುಗಳ ನಡುವೆ ಒಂದು ಕಾಗದದ ಹಾಳೆ ಇಟ್ಟು ಅಂಟಿಸಿ, ಆಮೇಲೆ ಹಾಳೆಯನ್ನು ಎಳೆದು ತೆಗೆದಾಗ ಸರಿಹೋಯಿತು.

ಎರಡನೆಯ ವಾರ

ಮೊದಲು ನೋಡಿದ್ದು ಸಿಎಫ್‌ಎಲ್. ನೇರಳೆ-ನೀಲಿಯಲ್ಲಿ ಒಂದು ಗೆರೆ, ಹಸಿರಿನಲ್ಲಿ ಒಂದು, ಕಿತ್ತಳೆಗೆಂಪಿನಲ್ಲಿ ಇನ್ನೊಂದು. ಮೂರನ್ನೂ ಪಾದರಸದ್ದೆಂದು ಬರೆದುಕೊಂಡೆ. ಅದು ತಪ್ಪು. 435.8 ಮತ್ತು 546.1 ನ್ಯಾನೊಮೀಟರ್ ತರಂಗಾಂತರದ ಗೆರೆಗಳು ಪಾದರಸದವು, ನಿಜ. ಆದರೆ 611ರ ಸುಮಾರಿಗೆ ಇರುವ ಕೆಂಪು ಗೆರೆ ಗಾಜಿನ ಒಳಮೈಗೆ ಬಳಿದ ಪುಡಿಯಲ್ಲಿರುವ ಯುರೋಪಿಯಂ ಎಂಬ ಧಾತುವಿನದು. ಪಾದರಸದ ಆವಿ ಹೆಚ್ಚಾಗಿ ಹೊರಸೂಸುವುದು ಕಣ್ಣಿಗೆ ಕಾಣದ 253.7 ನ್ಯಾನೊಮೀಟರಿನ ಅತಿನೇರಳೆ ಕಿರಣ. ಆ ಪುಡಿ ಅದನ್ನು ಹೀರಿ ಕಾಣುವ ಬೆಳಕಾಗಿ ಬಿಡುತ್ತದೆ. ಕೊಳವೆಯಲ್ಲಿ ಆರ್ಗಾನ್ ಅನಿಲ ಕೂಡ ಇದೆ. ವಿದ್ಯುತ್ ಹರಿಯಲು ದಾರಿ ಮಾಡಿಕೊಡುವುದು ಅದೇ. ಆದರೂ ಅದರ ಗುರುತು ನನಗೆ ಸಿಗಲಿಲ್ಲ.

ಪಾದರಸದ ಆ ಎರಡು ಗೆರೆಗಳೇ ಈಗ ನನ್ನ ಅಳತೆಗೋಲು. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಅವುಗಳ ಅಂತರ ಅಳೆದು ಉಳಿದವನ್ನು ಲೆಕ್ಕ ಹಾಕುತ್ತಿದ್ದೇನೆ.

ಮೂರನೆಯ ವಾರ

ಹಳೆಯ ತಂತುಬಲ್ಬಿನಲ್ಲಾದರೂ ಆರ್ಗಾನ್ ಸಿಕ್ಕೀತೆಂದು ಕಾದಿದ್ದೆ. ಕಂಡದ್ದು ಕೆಂಪಿನಿಂದ ನೇರಳೆಯವರೆಗೆ ಎಲ್ಲೂ ಕಡಿಯದ ಬಣ್ಣದ ಪಟ್ಟಿ, ಒಂದೂ ಗೆರೆಯಿಲ್ಲ. ಎರಡು ಸಂಜೆ ಸೀಳನ್ನೇ ಅನುಮಾನಿಸಿದೆ. ಆಮೇಲೆ ಹೊಳೆಯಿತು: ಇಲ್ಲಿ ಬೆಳಗುತ್ತಿರುವುದು ಕಾದ ಟಂಗ್‌ಸ್ಟನ್, ಅನಿಲವಲ್ಲ. ಅನಿಲದ್ದು ಕಾವಲಿನ ಕೆಲಸ. ನಿರ್ವಾತದಲ್ಲಿ ತಂತುವಿನಿಂದ ಪರಮಾಣುಗಳು ಆವಿಯಾಗಿ ಹಾರಿ ಗಾಜನ್ನು ಕಪ್ಪಾಗಿಸುತ್ತವೆ. ಸುತ್ತ ಅನಿಲವಿದ್ದರೆ ಹೊರಟ ಪರಮಾಣುಗಳಲ್ಲಿ ಎಷ್ಟೋ ಅದಕ್ಕೆ ಡಿಕ್ಕಿ ಹೊಡೆದು ತಂತುವಿಗೇ ಮರಳುತ್ತವೆ. ಇದನ್ನು ಬಲ್ಬಿಗೆ ತಂದವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, 1913ರಲ್ಲಿ. ಅನಿಲ ಶಾಖವನ್ನೂ ಕದಿಯುತ್ತದೆಯಾದ್ದರಿಂದ ಅವರು ತಂತುವನ್ನು ಸುರುಳಿಯಾಗಿ ಸುತ್ತಿದರು. ಪರಮಾಣು ಭಾರವಾದಷ್ಟೂ ಶಾಖದ ನಷ್ಟ ಕಡಿಮೆ: ಆರ್ಗಾನ್‌ಗಿಂತ ಕ್ರಿಪ್ಟಾನ್, ಅದಕ್ಕಿಂತ ಕ್ಸೆನಾನ್ ಮೇಲು. ಆದರೆ ಗಾಳಿಯಲ್ಲಿ ಆರ್ಗಾನ್ ಶೇ. 0.93ರಷ್ಟಿದ್ದರೆ ಕ್ರಿಪ್ಟಾನ್ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಸಾಧಾರಣ ಬಲ್ಬುಗಳಲ್ಲಿ ಆರ್ಗಾನ್ ತುಂಬುವುದು ಇದಕ್ಕೇ. ಒಂದೂ ಗೆರೆ ಕಾಣದ ಈ ವಾರವೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು.

ನಾಲ್ಕನೆಯ ವಾರ

ಸ್ವಿಚ್‌ಬೋರ್ಡಿನ ಪುಟ್ಟ ನಿಯಾನ್ ಇಂಡಿಕೇಟರ್. ಬೆಳಕು ಮಂದ, ಆದರೆ ಕತ್ತಲೆ ಕೋಣೆಯಲ್ಲಿ ಕೆಂಪು, ಕಿತ್ತಳೆ ಗೆರೆಗಳ ಸಾಲೇ ಸಾಲು! ಹಳದಿಯ ಗೆರೆ ನನ್ನ ಲೆಕ್ಕದಲ್ಲಿ 583 ಬಂತು, ನಿಜವಾದದ್ದು 585.2. ರಟ್ಟಿನ ಪೆಟ್ಟಿಗೆಗೆ ಇಷ್ಟು ಸಾಕು. ಇಲ್ಲಿ ಅನಿಲವೇ ದೀಪ.

ಐದನೆಯ ವಾರ

ಅಧಿಕ ಒತ್ತಡದ ಸೋಡಿಯಂ ದೀಪವನ್ನು ಅದು ಹೊತ್ತಿಕೊಳ್ಳುವ ಕ್ಷಣದಿಂದಲೇ ನೋಡಬೇಕೆಂದು ಮುಸ್ಸಂಜೆಗೆ ಮೊದಲೇ ಹೋಗಿ ನಿಂತೆ. ಆರಂಭದಲ್ಲಿ ಮಸುಕು ಬಿಳಿ: ಹೊತ್ತಿಸಲೆಂದು ತುಂಬಿದ ಕ್ಸೆನಾನ್ ಮತ್ತು ಪಾದರಸದ್ದು. ಸ್ವಲ್ಪ ಹೊತ್ತಿನಲ್ಲಿ ಸೋಡಿಯಂ ಆವಿಯಾಗಿ 589ರ ಬಳಿ ಹಳದಿ ಗೆರೆ ಉರಿಯಿತು. ದೀಪ ಕಾದಂತೆ ಗೆರೆ ಎರಡೂ ಬದಿಗೆ ಅಗಲವಾಗುತ್ತಾ ಹೋಗಿ, ಕೊನೆಗೆ ಅದು ಮೊದಲು ಮೂಡಿದ್ದ ಜಾಗದಲ್ಲೇ ಒಂದು ಕಪ್ಪು ಪಟ್ಟಿ ತೆರೆದುಕೊಂಡಿತು. ನಡುವಿನ ಬಿಸಿ ಸೋಡಿಯಂ ಕೊಟ್ಟ ಹಳದಿಯನ್ನು ಗೋಡೆಯ ಬಳಿಯ ತಣ್ಣನೆಯ ಸೋಡಿಯಂ ನುಂಗಿಬಿಟ್ಟಿತ್ತು. ಅದರ ಚಿತ್ರ ಸ್ಪಷ್ಟವಾಗಿ ಬಂದಿಲ್ಲ. ನಾಳೆ ಸ್ಟ್ಯಾಂಡ್ ತೆಗೆದುಕೊಂಡು ಮತ್ತೆ ಹೋಗುತ್ತೇನೆ.