ಮಾಲ್ಗುಡಿ ನೋಡಲು ಹೊರಟ ಹಿರಿಯರಿಗೆ: ಮೊದಲು ಅರಸಾಳು, ಆಮೇಲೆ ಆಗುಂಬೆ

ಆಗುಂಬೆಯಲ್ಲಿ ಇಳಿದು ‘ಮಾಲ್ಗುಡಿ ಸೆಟ್ ಎಲ್ಲಿ’ ಅಂತ ಕೇಳಬೇಡಿ. ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಶಂಕರ್‌ನಾಗ್ ಅಲ್ಲಿ ಚಿತ್ರೀಕರಿಸಿದ್ದು ಊರನ್ನೇ. ಈಗ ನೋಡಲು ಉಳಿದಿರುವುದು ಮುಖ್ಯವಾಗಿ ಎರಡು: ಆಗುಂಬೆಯ ದೊಡ್ಡಮನೆ ಎಂಬ ಹಳೆಯ ಮನೆ ಮತ್ತು ಅರಸಾಳು ರೈಲ್ವೆ ನಿಲ್ದಾಣ. ಎರಡೂ ಅಕ್ಕಪಕ್ಕ ಇವೆ ಎಂದುಕೊಂಡು ಹೊರಟವರಿಗೆ ಒಂದು ದಿನ ಕೈತಪ್ಪುತ್ತದೆ. ನಡುವೆ ಸುಮಾರು 80 ಕಿ.ಮೀ. ಮಲೆನಾಡಿನ ತಿರುವು ರಸ್ತೆ ಇದೆ.

ನಾಲ್ಕು ಜನ ನಿವೃತ್ತರು, ಒಂದು ಕಾರು ಅಂದರೆ ಈ ಕ್ರಮ ಸರಿ: ಶಿವಮೊಗ್ಗ, ಆಯನೂರು, ಅರಸಾಳು, ರಿಪ್ಪನ್‌ಪೇಟೆ, ಹುಂಚ, ತೀರ್ಥಹಳ್ಳಿ, ಆಗುಂಬೆ. ಬೆಳಿಗ್ಗೆ ಶಿವಮೊಗ್ಗ ಬಿಟ್ಟರೆ ಒಂದು ಗಂಟೆಯೊಳಗೆ ಅರಸಾಳು. ಅಲ್ಲಿ ಹಳೆಯ ನಿಲ್ದಾಣದ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಾಕಿದ್ದರಿಂದ ಹಳೆಯ ಚಹರೆ ಹಾಳಾಗಿಲ್ಲ. ಹಳೆಯ ರೈಲುಡಬ್ಬಿಯಲ್ಲೇ ಚಹಾ ಅಂಗಡಿ. ಮುಕ್ಕಾಲು ಗಂಟೆ ಸಾಕು. ಶಿವಮೊಗ್ಗ-ತಾಳಗುಪ್ಪ ಮಾರ್ಗದಲ್ಲಿ ರೈಲುಗಳು ಕಡಿಮೆ. ವೇಳಾಪಟ್ಟಿ ನೋಡಿ ಒಂದು ರೈಲು ಬರುವ ಹೊತ್ತಿಗೆ ಅಲ್ಲಿರಿ. ಖಾಲಿ ಪ್ಲಾಟ್‌ಫಾರಂಗೆ ರೈಲು ಬಂದು ನಿಂತು ಹೊರಡುವ ಆ ಎರಡು ನಿಮಿಷ, 1986-87ರಲ್ಲಿ ದೂರದರ್ಶನದ ಮುಂದೆ ಕೂತವರಿಗೆ ಮ್ಯೂಸಿಯಂಗಿಂತ ದೊಡ್ಡದು.

ಇನ್ನು ಆಗುಂಬೆಯಲ್ಲಿ ರೂಮಿನ ವಿಷಯ. ನಮಗೆ ಮೋಸವಾದದ್ದು ಇಲ್ಲೇ. ಜಾಲತಾಣದ ಫೋಟೋದಲ್ಲಿ ತೊಟ್ಟಿಮನೆ, ಮರದ ಕಂಬ, ಅಂಗಳದಲ್ಲಿ ತುಳಸಿಕಟ್ಟೆ. ಕೊಟ್ಟದ್ದು ಹಿತ್ತಲಿನಲ್ಲಿ ಶೀಟು ಹೊದಿಸಿದ ಹೊಸ ಕೋಣೆ. ರಾತ್ರಿ ಮಳೆ ಬಿದ್ದಾಗ ಪಕ್ಕದ ಮಂಚದವರ ಮಾತೂ ಕೇಳದಷ್ಟು ಸದ್ದು. 2,200 ರೂಪಾಯಿ ಅಂದದ್ದು ರೂಮಿಗಲ್ಲ, ತಲೆಗೆ. ನಾಲ್ವರಿಗೆ 8,800 ಆಯಿತು. ಸೋಲಾರ್ ನೀರು ಮೋಡದ ದಿನ ಬಿಸಿಯಾಗುವುದಿಲ್ಲ ಎನ್ನುವುದು ಬೆಳಿಗ್ಗೆ ಬಚ್ಚಲಿಗೆ ಹೋದಾಗ ತಿಳಿಯಿತು. ಮುಂಗಡ ಕಳಿಸುವ ಮೊದಲು ಫೋನಿನಲ್ಲೇ ಕೇಳಿ: ದರ ತಲೆಗೋ ರೂಮಿಗೋ, ಊಟ ಸೇರಿದೆಯೋ, ಕಮೋಡ್ ಇದೆಯೋ, ಕೋಣೆ ನೆಲಮಹಡಿಯೋ, ನೀರು ಕಾಯುವುದು ಹಂಡೆಯಲ್ಲೋ ಸೋಲಾರ್‌ನಲ್ಲೋ. ಹಂಡೆ ಅಂದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ನಿದ್ದೆಯಲ್ಲಿ ಉಸಿರಾಟದ ಯಂತ್ರ ಬಳಸುವವರು, ಇನ್ಸುಲಿನ್ ತಣ್ಣಗಿಡಬೇಕಾದವರು ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಎಂದೂ ಕೇಳಬೇಕು. ಮಳೆಗಾಲದಲ್ಲಿ ಮರ ತಂತಿ ಮೇಲೆ ಬಿದ್ದರೆ ಇಡೀ ರಾತ್ರಿ ಕತ್ತಲೆ. ಉತ್ತರ ಸಮಾಧಾನ ತರದಿದ್ದರೆ ತೀರ್ಥಹಳ್ಳಿಯಲ್ಲೇ ಸಾಧಾರಣ ಲಾಡ್ಜ್ ಹಿಡಿದು ಬೆಳಿಗ್ಗೆ ಆಗುಂಬೆಗೆ ಹೋಗಿ. ದಾರಿ ಒಂದು ಗಂಟೆಯೂ ಇಲ್ಲ.

ತೀರ್ಥಹಳ್ಳಿಯಲ್ಲಿ ಉಳಿಯಲು ಇನ್ನೊಂದು ಕಾರಣ ತಿಂಡಿ. ಹೆಸರಿನ ಬೋರ್ಡೂ ಇಲ್ಲದ, ನಾಲ್ಕು ಬೆಂಚಿನ ಹೋಟೆಲೊಂದರಲ್ಲಿ ಕೊಟ್ಟೆ ಕಡುಬು ಸಿಕ್ಕಿತು. ಹಲಸಿನ ಎಲೆ ನಾಲ್ಕನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಸುಲಿದಾಗ ಕಡುಬಿನ ಮೈಮೇಲೆ ಎಲೆಯ ನರಗಳ ಅಚ್ಚು ಹಾಗೇ ಮೂಡಿರುತ್ತದೆ, ಪರಿಮಳವೂ ಇಳಿದಿರುತ್ತದೆ. ಜೊತೆಗೆ ಕಾಯಿಚಟ್ನಿ, ಮೇಲೊಂದು ಚಮಚ ಕೊಬ್ಬರಿ ಎಣ್ಣೆ. ಎಣ್ಣೆ ಬೇಡ ಅಂದವರು ಅರ್ಧ ರುಚಿ ಕಳೆದುಕೊಂಡಂತೆ. ನಾಲ್ವರು ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ 200 ರೂಪಾಯಿ ದಾಟಲಿಲ್ಲ. ಎಂಟೂವರೆಯೊಳಗೆ ಹೋಗಿ, ಒಂಬತ್ತರ ಮೇಲೆ ಪಾತ್ರೆ ಖಾಲಿ. ಪೆಟ್ರೋಲ್, ನಗದು, ಮಾತ್ರೆಗಳನ್ನೂ ಇಲ್ಲೇ ಹೊಂದಿಸಿಕೊಳ್ಳಿ.

ದೊಡ್ಡಮನೆ ಜನ ವಾಸವಿರುವ ಮನೆ, ಮ್ಯೂಸಿಯಂ ಅಲ್ಲ. ಬಾಗಿಲಲ್ಲಿ ನಿಂತು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ. ಅಡುಗೆಮನೆ ಕಡೆ ಕ್ಯಾಮೆರಾ ಹಿಡಿಯಬೇಡಿ. ಧಾರಾವಾಹಿಯಲ್ಲಿ ಹುಡುಗ ಸ್ವಾಮಿಯ ಮನೆಯಾಗಿ ನೋಡಿದ ಜಗಲಿ, ಅಂಗಳ, ಕಂಬಗಳು ಕಣ್ಣೆದುರೇ ಇರುತ್ತವೆ. ಮರದ ಮೆಟ್ಟಿಲು ಕಡಿದಾಗಿದೆ, ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಪೆಟ್ಟು. ಮಂಡಿನೋವಿದ್ದವರು ಅಂಗಳದಲ್ಲೇ ಕೂತರೆ ಸಾಕು, ನೋಡಬೇಕಾದದ್ದೆಲ್ಲ ಕೆಳಗೇ ಇದೆ. ಇಂತಿಷ್ಟೇ ಕೊಡಿ ಎಂದು ಕೇಳದೆ ಕೊಟ್ಟಷ್ಟು ಇಟ್ಟುಕೊಳ್ಳುವುದಕ್ಕೆ ಹೆಸರಾದ ಮನೆ ಅದು. ಹಾಗಂತ ಅವರು ಕೊಟ್ಟ ಕಷಾಯ ಕುಡಿದು ಬರಿಗೈಯಲ್ಲಿ ಎದ್ದು ಬರುವುದು ಸಣ್ಣತನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಬಳದ (ಜಿಗಣೆಯ) ಕಾಟ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇಂಬಳ ಕಚ್ಚಿದ ಜಾಗದಲ್ಲಿ ಬಹಳ ಹೊತ್ತು ರಕ್ತ ಸೋರುತ್ತದೆ, ಅಂಥವರು ಹುಲ್ಲಿಗೆ ಇಳಿಯದಿರುವುದೇ ಒಳ್ಳೆಯದು. ಕಚ್ಚಿದರೆ ಉಗುರನ್ನು ಅದರ ಬಾಯಿಯ ಬುಡಕ್ಕೆ ತಂದು ಪಕ್ಕಕ್ಕೆ ಸರಿಸಿ ಬಿಡಿಸಿ, ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಆಗುಂಬೆಯ ಸೂರ್ಯಾಸ್ತ ನೋಡಲು ಮಳೆ ನಿಂತ ಮೇಲಿನ ತಿಂಗಳುಗಳೇ ಸರಿ. ಮಳೆಗಾಲದಲ್ಲಿ ಅಲ್ಲಿ ಕಾಣುವುದು ಮಂಜು ಮಾತ್ರ. ವಾರಾಂತ್ಯದಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ಕಾಲಿಡಲು ಜಾಗವಿರದು, ಮಂಗಗಳು ಬೇರೆ ಕೈಯಲ್ಲಿದ್ದ ಚೀಲ ಎಳೆಯುತ್ತವೆ. ಉಡುಪಿ ಕಡೆ ಇಳಿಯುವುದಾದರೆ ಘಾಟಿಯ 14 ತಿರುವುಗಳನ್ನು ಬೆಳಕಿರುವಾಗಲೇ ಮುಗಿಸಿ. ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಕಾದು ಹಿಡಿತ ತಪ್ಪುತ್ತದೆ. ಏರಿ ಬರುವ ಗಾಡಿಗೆ ತಿರುವಿನ ಮೊದಲೇ ನಿಂತು ದಾರಿ ಕೊಡಿ. ವಾಂತಿಯಾಗುವವರು ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ, ಮುಂದಿನ ಸೀಟಿನಲ್ಲಿ ಕೂರಬೇಕು.