“ನಿಜ ಹೇಳಿ ಸಿಸ್ಟರ್” ಎಂದು ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ: “ನಿಜ ಹೇಳಿ ಸಿಸ್ಟರ್, ಈ ಹೃದಯಾಘಾತಗಳೆಲ್ಲ ಆ ಕೋವಿಡ್ ಲಸಿಕೆಯಿಂದಲೇ ಅಂತೆ, ಹೌದೇ?” ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಮಗುವಿಗೆ ಪೋಲಿಯೊ ಹನಿ ಹಾಕಿಸಲು ಬಂದ ಅಪ್ಪ ಕೇಳುತ್ತಾನೆ. ದಿನಸಿ ಅಂಗಡಿಯವರು ಚಿಲ್ಲರೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಾರೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಲಸಿಕಾ ಕೊಠಡಿಯಲ್ಲಿ 2021ನೇ ವರ್ಷವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದವಳು ನಾನು. ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಉತ್ತರ: ಅಲ್ಲ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ, ಗೊತ್ತು. ಅದಕ್ಕೆ ಮೊದಲು ಒಂದು ಮಾತು. ಆ ಪ್ರಶ್ನೆಯಲ್ಲಿ ನನಗೆ ಸಹಿಸಲಾಗದ್ದು ಆರಂಭದ ಎರಡು ಪದ. ‘ನಿಜ ಹೇಳಿ’ ಎಂದರೆ ಇಷ್ಟು ದಿನ ನಾನು ಸುಳ್ಳು ಹೇಳಿಕೊಂಡು ಬಂದೆ ಎಂದಾಯಿತು. ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ, “ನಾನು ಯಾರಿಗೂ ಹೇಳುವುದಿಲ್ಲ” ಎಂದು ಬೇರೆ ಸೇರಿಸುತ್ತಾರೆ. ಯಾರಿಗೆ ಬೇಕಾದರೂ ಹೇಳಿ. ಆರೋಗ್ಯ ಕಾರ್ಯಕರ್ತರ ಸರದಿಯಲ್ಲಿ ನಾನೇ ಮೊದಲು ತೋಳು ಕೊಟ್ಟೆ. ಅಮ್ಮನಿಗೆ, ಗಂಡನಿಗೆ, ಮುಂದಿನ ವರ್ಷ ಹದಿನೈದು ತುಂಬಿದವರಿಗೆ ಶುರುವಾದಾಗ ಮಗಳಿಗೆ ನನ್ನ ಕೈಯಾರೆ ಹಾಕಿದೆ. ಹೆತ್ತ ಮಗಳ ತೋಳಿಗೆ ಗೊತ್ತಿದ್ದೂ ವಿಷ ಚುಚ್ಚುವವಳೆಂದು ನನ್ನನ್ನು ತಿಳಿದಿದ್ದರೆ ಮುಂದಕ್ಕೆ ಓದಬೇಡಿ.

ನಮ್ಮ ರಾಜ್ಯದಲ್ಲಿ ಈ ಮಾತಿಗೆ ಬೇರು ಸಿಕ್ಕಿದ್ದು 2021ರ ಅಕ್ಟೋಬರ್ 29ರಂದು, ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. 46 ವರ್ಷ, ದಿನವೂ ವ್ಯಾಯಾಮ ಮಾಡುತ್ತಿದ್ದ ದೇಹ. ಆ ಸಾವನ್ನು ಯಾರಿಗೂ ನಂಬಲಾಗಲಿಲ್ಲ, ನನಗೂ ಆಗಲಿಲ್ಲ. ನಂಬಲಾಗದ ಸಾವಿಗೆ ಜನ ಕಾರಣ ಹುಡುಕುತ್ತಾರೆ, ಆ ಹೊತ್ತಿಗೆ ಎಲ್ಲರ ಮೈಯಲ್ಲೂ ಇದ್ದ ಹೊಸ ಸಂಗತಿ ಲಸಿಕೆ. 2024ರ ಏಪ್ರಿಲ್ ಕೊನೆಯಲ್ಲಿ ಮತ್ತೊಂದು ಸುದ್ದಿ ಬಂತು: ನಮ್ಮಲ್ಲಿ ಕೋವಿಶೀಲ್ಡ್ ಎಂದು ಕೊಟ್ಟ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆಯಾಗಬಹುದು ಎಂದು ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಎಂದು. ಅದು ನಿಜ. 2021ರಲ್ಲೇ ವೈದ್ಯರಿಗೆ ತಿಳಿದಿದ್ದ ನಿಜ. ರಕ್ತದ ಪ್ಲೇಟ್‌ಲೆಟ್‌ಗಳು ಇಳಿದು, ಜೊತೆಗೇ ರಕ್ತ ಹೆಪ್ಪುಗಟ್ಟುವ ಆ ಕಾಯಿಲೆ ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವೇ ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ವರ್ಷ ಮೈಯಲ್ಲಿ ಅವಿತಿದ್ದು ಒಂದು ಬೆಳಿಗ್ಗೆ ಎದ್ದು ಬರುವುದಿಲ್ಲ. ಅಷ್ಟು ಹೇಳುವಷ್ಟರಲ್ಲಿ 2025ರ ಬೇಸಿಗೆ ಮುಗಿದು ಹಾಸನದ ಸುದ್ದಿ ಶುರುವಾಯಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂದು ಟಿ.ವಿ.ಯಲ್ಲಿ ದಿನವೂ ಎಣಿಕೆ. ಜುಲೈ 1ರಂದು ಮುಖ್ಯಮಂತ್ರಿಗಳೇ, ಲಸಿಕೆಗೆ ಅವಸರದಲ್ಲಿ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂದರು. ಔಷಧ ಕಂಪನಿ ಬಯೋಕಾನ್‌ನ ಸ್ಥಾಪಕಿ ಕಿರಣ್ ಮಜುಂದಾರ್ ಶಾ ಅದನ್ನು ತಪ್ಪು ಎಂದರು, ಕೇಂದ್ರ ಆರೋಗ್ಯ ಇಲಾಖೆ ತಪ್ಪು ಎಂದಿತು. ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯದ್ದೇ ತಜ್ಞರ ಸಮಿತಿಯೂ ಅಂಥ ಸಂಬಂಧ ಕಾಣಲಿಲ್ಲ ಎಂದಿತು. ಆದರೆ ಮೊದಲ ಮಾತು ಊರೂರು ಸುತ್ತಿದಷ್ಟು ಸಮಿತಿಯ ಮಾತು ಸುತ್ತಲಿಲ್ಲ. ತವರು ಅರಸೀಕೆರೆ ಕಡೆಯಾದ್ದರಿಂದ ಆ ತಿಂಗಳು ನನ್ನ ಮೊಬೈಲ್‌ಗೆ ಬಿಡುವೇ ಇರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ ಅಧ್ಯಯನವೊಂದಿದೆ, 2023ರಲ್ಲಿ ಪ್ರಕಟವಾಯಿತು. ದೇಶದ 47 ಆಸ್ಪತ್ರೆಗಳಿಂದ, 18ರಿಂದ 45 ವಯಸ್ಸಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಹಠಾತ್ತನೆ ಸತ್ತ 729 ಜನರ ವಿವರ ತೆಗೆದರು. ಅವರ ಜೊತೆ ಹೋಲಿಸಲು, ಅದೇ ವಯಸ್ಸಿನ, ಬದುಕಿರುವ 2,916 ಜನರ ವಿವರ ಸೇರಿಸಿದರು. ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಹೆಚ್ಚಿದ್ದು ಯಾರಲ್ಲಿ? ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ಮೈ ಮೀರಿ ಶ್ರಮಪಟ್ಟವರಲ್ಲಿ. ಹೃದಯದ ಸ್ನಾಯು ಊದಿಕೊಳ್ಳುವ ತೊಂದರೆ ಫೈಝರ್, ಮಾಡರ್ನಾ ಲಸಿಕೆ ಪಡೆದ ಕೆಲವು ಯುವಕರಲ್ಲಿ ಅಪರೂಪಕ್ಕೆ ಕಂಡದ್ದೂ ಹೌದು. ಅವೆರಡೂ ನಮ್ಮ ಅಭಿಯಾನದಲ್ಲಿ ಬಳಕೆಯಾಗಲೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಡಿಯೊಗಳಲ್ಲಿ ಇಂಥ ಭೇದ ಇರುವುದಿಲ್ಲ, ಎಲ್ಲವೂ ಬರೀ ‘ಲಸಿಕೆ’.

ಈ ಅಂಕಿಗಳನ್ನು ನಾನು ಹೇಳದೆ ಉಳಿದದ್ದು ಒಮ್ಮೆ ಮಾತ್ರ. ತವರಿನ ಕಡೆಯ ಒಬ್ಬ ಸೋದರತ್ತೆಯ ಮಗ, ನಲವತ್ತೊಂದು ವರ್ಷ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗಲೇ ಕುಸಿದು ತೀರಿಕೊಂಡ. ಹನ್ನೊಂದನೆಯ ದಿನ ಹೋದಾಗ ಅತ್ತೆ ನನ್ನ ಎರಡೂ ಕೈ ಹಿಡಿದು, “ನೀನು ಓದಿದವಳು, ಆ ಸೂಜಿಯಿಂದಲೇನೇ?” ಎಂದರು. ನಾನು “ಅಲ್ಲ ಅತ್ತೆ” ಎಂದೆ, ಅಷ್ಟೇ. ಅವರ ಪಕ್ಕದಲ್ಲಿ ಸಂಜೆಯವರೆಗೆ ಕುಳಿತಿದ್ದೆ. ಮಗನನ್ನು ಕಳೆದುಕೊಂಡವರು ನೂರು ಸಲ ಕೇಳಲಿ, ನೂರು ಸಲವೂ ಉತ್ತರಿಸುತ್ತೇನೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳುವವರ ಬಗ್ಗೆ ನನ್ನ ಸಿಟ್ಟು.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಲಸಿಕೆ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆಗಳು ಇದ್ದವು, ಈಗಲೂ ಇವೆ. ಎಲ್ಲವನ್ನೂ ಈ ಒಂದು ಹೃದಯಾಘಾತದ ಪ್ರಶ್ನೆ ನುಂಗಿ ಹಾಕಿತು. 2021ರ ಜನವರಿ 3ರಂದು ಕೋವಿಶೀಲ್ಡ್ ಜೊತೆ ಕೋವ್ಯಾಕ್ಸಿನ್‌ಗೂ ತುರ್ತು ಅನುಮತಿ ಸಿಕ್ಕಾಗ, ಅದರ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಆರಂಭದಲ್ಲಿ ಅದನ್ನು ಹಾಕಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅಂತಿಮ ಫಲಿತಾಂಶ, 77.8 ಶೇಕಡ ಪರಿಣಾಮಕಾರಿ ಎಂದು, ಹೊರಬಿದ್ದದ್ದು ಜುಲೈನಲ್ಲಿ. ಲಸಿಕೆ ಒಳ್ಳೆಯದೇ ಆಯಿತು, ಸಂತೋಷ. ಆದರೆ ಅನುಮತಿ ಮೊದಲು, ಫಲಿತಾಂಶ ಆಮೇಲೆ ಏಕೆ ಎಂದು ಆಗ ಕೇಳಿದ ವೈದ್ಯರು ಸರಿಯಾದದ್ದನ್ನೇ ಕೇಳಿದ್ದರು. ಅವರಿಗೆ ನೇರ ಉತ್ತರ ಸಿಗುವ ಬದಲು ಅದು ಪಕ್ಷ ಪಕ್ಷಗಳ ಜಗಳವಾಯಿತು. ಮೇ ತಿಂಗಳು ಬಂದಾಗ ಒಂದೇ ಕೋವಿಶೀಲ್ಡ್‌ಗೆ ಮೂರು ಬೆಲೆ: ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ 300, ಖಾಸಗಿ ಆಸ್ಪತ್ರೆಗೆ 600. 18ರಿಂದ 44 ವಯಸ್ಸಿನವರಿಗೆ ಮಾತ್ರ ಹಣ ಕೇಳುವ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದು, ವಿವೇಚನೆ ಇಲ್ಲದ್ದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೂನ್ 21ರಿಂದ ಎಲ್ಲ ವಯಸ್ಕರಿಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಯಿತು. ನಡುವಿನ ಆ ಏಳು ವಾರಗಳ ಬಗ್ಗೆ ನನ್ನನ್ನು ಒಬ್ಬರೂ ಕೇಳಿಲ್ಲ.

ಕೇಳಿದರೆ ನಾನು ಮೇ 11ರ ಮಂಗಳವಾರವನ್ನು ಹೇಳುತ್ತೇನೆ.

ಒಬ್ಬ ಅಜ್ಜಿ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ತೆಂಗಿನಕಾಯಿ ಸುಲಿಯುವ ಕಡೆ ಕೂಲಿ ಮಾಡಿ ಹೆಬ್ಬೆರಳಿನ ಉಗುರು ಸೀಳಿತ್ತು. ಮಾರ್ಚ್ 16ರಂದು ಮೊದಲ ಡೋಸ್ ಹಾಕಿದವಳು ನಾನೇ. ಆಗಿನ ನಿಯಮದಂತೆ 28 ದಿನ ಎಣಿಸಿ ಅವರ ಚೀಟಿಯ ಮೇಲೆ ‘13–4’ ಎಂದು ಬರೆದೆ. ಆರೇ ದಿನಗಳಲ್ಲಿ ನಿಯಮ ಬದಲಾಯಿತು, ಆರರಿಂದ ಎಂಟು ವಾರ ಎಂದು. ಅವರಿಗೆ ತಿಳಿಸುವವರು ಯಾರು? ಏಪ್ರಿಲ್ 13ರಂದು, ಯುಗಾದಿಯ ದಿನ, ಬಂದು ನಿಂತರು. ಹಳೆಯ ದಿನಾಂಕ ಹೊಡೆದು ‘11–5’ ಎಂದು ಬರೆದುಕೊಟ್ಟೆ. “ಹಬ್ಬ ಬಿಟ್ಟು ಬಂದೆನಲ್ಲ ತಾಯಿ” ಎಂದರು, ಬೈಯಲಿಲ್ಲ.

ಮೇ 11ಕ್ಕೆ ಮತ್ತೆ ಬಂದರು. ಹಿಂದಿನ ದಿನದಿಂದ ಲಾಕ್‌ಡೌನ್ ಬಿಗಿಯಾಗಿತ್ತು, ಬಸ್ ಇಲ್ಲ, ಹಾಲಿನ ವ್ಯಾನಿನಲ್ಲಿ ಬಂದಿದ್ದರು. ಸಂಜೆಯ ವ್ಯಾನಿಗೇ ವಾಪಸ್ ಹೋಗಬೇಕು. ಆ ದಿನ ನಮ್ಮಲ್ಲಿ 45 ದಾಟಿದವರ ಪಾಲಿನ ಲಸಿಕೆ ಒಂದು ಹನಿಯೂ ಇರಲಿಲ್ಲ. ಅದು ಕೇಂದ್ರದಿಂದ ಬರಬೇಕಾದ ಪಾಲು. ರಾಜ್ಯ ಹಣ ಕೊಟ್ಟು ಕೊಂಡದ್ದು 18–44ರವರ ಪಾಲು, ಅದು ಇತ್ತು. ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್. ಒಂದರದ್ದು ಇನ್ನೊಂದಕ್ಕೆ ಹೋಗುವಂತಿಲ್ಲ. ಸೀಸೆ ಅದೇ, ಕಂಪನಿ ಅದೇ, ಇಟ್ಟ ಫ್ರಿಜ್ ಅದೇ.

18–44ರವರಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸುವುದು ಕಡ್ಡಾಯ. ಅದಕ್ಕಿದ್ದ ಸರ್ಕಾರಿ ಜಾಲತಾಣ ಕೋವಿನ್ ಆಗ ಕನ್ನಡದಲ್ಲಿ ಇರಲಿಲ್ಲ, ಬಂದದ್ದು ಜೂನ್‌ನಲ್ಲಿ. ಒಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ಹಾಗಾಗಿ ಬೆಳಿಗ್ಗೆಯಿಂದ ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನ ಕಾರುಗಳವರು, ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಓಡಿಸಿಕೊಂಡು ಬಂದವರು. ಅವರ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ಒಬ್ಬ ಹುಡುಗಿಗೆ ವಾರದ ಹಿಂದಷ್ಟೇ ಅಪ್ಪ ತೀರಿಕೊಂಡಿದ್ದರು, ಸೂಜಿ ಹಾಕುವಾಗ ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಹೊರಗಿನ ಬೇಲಿಯ ಬಳಿ ನಮ್ಮದೇ ಊರಿನ ಹುಡುಗರು, ಹೆಸರು ಕರೆಯುತ್ತಾರೇನೋ ಎಂದು ಮಧ್ಯಾಹ್ನದವರೆಗೂ ನಿಂತು ಹೋದರು.

ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಡೋಸ್. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆ ದಿನದ ಕೊನೆಯ ಸೀಸೆಯನ್ನು ಹನ್ನೆರಡೂವರೆಗೆ ತೆರೆದೆ. ಎಂಟು ಜನ ಬಂದರು. ಇನ್ನಿಬ್ಬರು ಬರಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಮೂರಾಯಿತು, ನಾಲ್ಕಾಯಿತು. ಅಜ್ಜಿ ಎದುರಿನ ಬೆಂಚಿನ ಮೇಲೆ ಸೆರಗು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರಿಗೆ ಎಂಟು ವಾರ ತುಂಬಿದ ದಿನ ಅದು. ನಾನು ವೈದ್ಯರನ್ನು ಕೇಳಿದೆ. ಅವರು ಕಂಪ್ಯೂಟರಿನ ಹುಡುಗನ ಕಡೆ ನೋಡಿದರು. “ಈ ಪಾಲಿನಲ್ಲಿ ಆ ವಯಸ್ಸು ತೆಗೆದುಕೊಳ್ಳುವುದಿಲ್ಲ ಮೇಡಂ” ಎಂದ ಅವನು. ನಾಲ್ಕೂವರೆಗೆ ಎರಡು ಡೋಸ್ ಉಳಿದಿದ್ದ ಆ ಸೀಸೆಯನ್ನು ತ್ಯಾಜ್ಯದ ಡಬ್ಬಿಗೆ ಹಾಕಿ ಲೆಕ್ಕದಲ್ಲಿ ‘ವ್ಯರ್ಥ: 2’ ಎಂದು ಬರೆದೆ. ಸಹಿ ನನ್ನದು.

ಎರಡು ದಿನ ಬಿಟ್ಟು, ಮೇ 13ರಂದು, ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದರು. 14ರಿಂದ ರಾಜ್ಯದಲ್ಲಿ 18–44ರವರಿಗೆ ಲಸಿಕೆ ನಿಲ್ಲಿಸಿ, ಅದೇ ಸೀಸೆಗಳನ್ನು 45 ದಾಟಿದವರ ಎರಡನೇ ಡೋಸ್‌ಗೆ ಕೊಡಿ ಎಂದರು. 24ರಂದು, ಕಾಯ್ದಿರಿಸಿದವರು ಬಾರದೆ ದಿನದ ಕೊನೆಗೆ ಉಳಿಯುವ ಡೋಸ್ ವ್ಯರ್ಥವಾಗದಿರಲೆಂದು ಸ್ಥಳದಲ್ಲೇ ನೋಂದಣಿಗೆ ಅವಕಾಶ ಬಂತು. ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವದ ಆಧಾರವಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಲಸಿಕೆ ಖಾಲಿಯಾದ ವಾರವೇ ಆ ಆದೇಶ ಬಂದರೆ ಬೆಂಚಿನ ಮೇಲೆ ಕುಳಿತವರು ಏನೆಂದುಕೊಳ್ಳಬೇಕು? ಕಾರಣ ಹೇಳಬೇಕಾದ ಕಡೆ ಬರೀ ದಿನಾಂಕ ಕೊಟ್ಟೆವು. ಅಪನಂಬಿಕೆಯನ್ನು ವಾಟ್ಸ್‌ಆ್ಯಪ್ ಒಂದೇ ಬಿತ್ತಲಿಲ್ಲ, ನೆಲವನ್ನು ನಾವೂ ಹದ ಮಾಡಿಕೊಟ್ಟಿದ್ದೆವು.

ಆ ಎರಡು ಡೋಸ್ ಏನಾದವು ಸಿಸ್ಟರ್ ಎಂದು ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದೇನೆ. ಹಾಕಿದ್ದರೆ ನನಗೊಂದು ನೋಟಿಸ್ ಬರುತ್ತಿತ್ತು, ಅಷ್ಟೇ. ನಾನು ಹಾಕಲಿಲ್ಲ.

ಅಜ್ಜಿಯ ಚೀಟಿಯ ಮೇಲೆ ಮೂರನೆಯ ಬಾರಿ ‘8–6’ ಎಂದು ಬರೆದೆವು. ಜೂನ್ 8ಕ್ಕೆ ಬಂದರು, ಹಾಕಿಸಿಕೊಂಡರು. “ಮುಗಿಯಿತೇ?” ಎಂದು ಕೇಳಿದರು. “ಮುಗಿಯಿತು ಅಜ್ಜಿ” ಎಂದೆ. ಆಗ ನನಗೆ ಗೊತ್ತಿದ್ದದ್ದು ಅಷ್ಟೇ.

2022ರಲ್ಲಿ ಮೂರನೆಯದು, ಮುನ್ನೆಚ್ಚರಿಕೆ ಡೋಸ್, ಬಂತು. ಎರಡನೇ ಡೋಸ್ ಪಡೆದು ಒಂಬತ್ತು ತಿಂಗಳು ತುಂಬಿದವರ ಪಟ್ಟಿಯಲ್ಲಿ ಮಾರ್ಚ್ ತಿಂಗಳಲ್ಲಿ ಅವರ ಹೆಸರಿತ್ತು. ಬನ್ನಿ ಎಂದು ಹೇಳಿಕಳುಹಿಸಲು ಮನಸ್ಸಾಗಲಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ನಾನೇ ಹೋದೆ. ಜಗಲಿಯ ಮೇಲೆ ಗರಿ ಸೀಳುತ್ತ ಕುಳಿತಿದ್ದರು. ನನ್ನನ್ನು ಕಂಡು ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಚೀಟಿ ತಂದರು. ಹೊಡೆದ ದಿನಾಂಕಗಳ ಮೇಲೆ ಸೀಳಿದ ಉಗುರಿನ ಹೆಬ್ಬೆರಳು ಇಟ್ಟು ಕೇಳಿದರು: “ಈ ಸಲ ಔಷಧಿ ತಂದಿದ್ದೀಯೋ, ಮತ್ತೆ ತಾರೀಕು ಬರೆಯಲು ಬಂದೆಯೋ?”

ಪೆಟ್ಟಿಗೆಯ ಮುಚ್ಚಳ ತೆಗೆದೆ. ಅಜ್ಜಿ ಬಗ್ಗಿ, ಐಸ್ ಪ್ಯಾಕುಗಳ ನಡುವೆ ಕೈಯಿಟ್ಟು, ಸೀಸೆ ಇದೆ ಎಂದು ಮುಟ್ಟಿ ನೋಡಿಕೊಂಡರು. ಆಮೇಲೆ ರವಿಕೆಯ ತೋಳು ಮೇಲೆ ಸರಿಸಿದರು.